ಕೃಷ್ಣೆ–ಭೀಮೆಯರ ನಡುವಿನ ಮೀನು ವಿದ್ಯೆ

(ಸಿಂದಗಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಬರಹ ರೂಪ)



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ಹೊರಗಿನವರ ಕಣ್ಣ ಮುಂದೆ ಬರುವುದು ಎರೆಭೂಮಿ, ಬಿಳಿಜೋಳ ಮತ್ತು ಬರಗಾಲ. ಇಂಥ ಸೀಮೆಯಲ್ಲಿ ನಿಂತು ಮೀನಿನ ಮಾತು ಆಡುತ್ತೇನೆಂದರೆ ನಿಮಗೆ ನಗು ಬಂದೀತು. ಆದರೆ ಒಮ್ಮೆ ನಕಾಶೆ ಬಿಡಿಸಿ ನೋಡಿ. ಉತ್ತರಕ್ಕೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ ಹರಿಯುತ್ತಾಳೆ. ದಕ್ಷಿಣಕ್ಕೆ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆ ಕೃಷ್ಣೆ. ನಡುವೆ ಸವುಳು ನೀರಿನ ಡೋಣಿ. ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಅದನ್ನು ಹಿಡಿಯುವ ವಿದ್ಯೆ ಇದ್ದೇ ಇರುತ್ತದೆ. ಆ ವಿದ್ಯೆಯ ಒಂದು ಭಾಗ ಗ್ರಂಥದಲ್ಲಿ ಉಳಿದಿದೆ. ಇನ್ನೊಂದು ಭಾಗ ಯಾರೂ ಬರೆದಿಡದೆ ಕಳೆದುಹೋಗುತ್ತಿದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಗಾಳ ಹಾಕಿ ಮೀನು ಹಿಡಿಯುವುದನ್ನು ಒಂದು ವಿನೋದವಾಗಿ ಬೆಳೆಸಿದವರು ಇಂಗ್ಲಿಷರು ಎಂಬ ನಂಬಿಕೆ ನಮ್ಮಲ್ಲಿದೆ. ಅದಕ್ಕೆ ಕಾರಣವೂ ಉಂಟು. ಅವರು ಹೋದಲ್ಲೆಲ್ಲ ತಮ್ಮ ಪ್ರೀತಿಯ ಟ್ರೌಟ್ ಮೀನನ್ನು ಕೊಂಡೊಯ್ದರು. 1900ರಲ್ಲಿ ಕಾಶ್ಮೀರದ ಹೊಳೆಗಳಿಗೆ, ಆಮೇಲಿನ ಕೆಲವೇ ವರ್ಷಗಳಲ್ಲಿ ನೀಲಗಿರಿ ಬೆಟ್ಟದ ತೊರೆಗಳಿಗೆ ಟ್ರೌಟ್ ಬಂದು ನೆಲೆಯೂರಿತು. ತಣ್ಣನೆಯ, ತಿಳಿಯಾದ, ಹರಿಯುವ ನೀರಿಲ್ಲದೆ ಈ ಮೀನು ಬದುಕದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆ ಅದಕ್ಕೆ ಹೇಳಿದ್ದಲ್ಲ.

ಆದರೆ ಗಾಳದ ಶಾಸ್ತ್ರ ನಮಗೆ ಹಡಗಿನಲ್ಲಿ ಬರಬೇಕಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಗ್ರಂಥ ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಅರಸನಾದವನು ತಿಳಿದಿರಬೇಕಾದ ವಿಷಯಗಳು ಅದರಲ್ಲಿ ನೂರು ಅಧ್ಯಾಯಗಳಾಗಿ ಹರಡಿವೆ. ಅವುಗಳಲ್ಲಿ ಒಂದು ‘ಮತ್ಸ್ಯ ವಿನೋದ’. ಸುಮಾರು 35 ಬಗೆಯ ಮೀನುಗಳನ್ನು ಅಲ್ಲಿ ಹೆಸರಿಸಲಾಗಿದೆ. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆ ಇರುವವು, ಇಲ್ಲದವು, ದೊಡ್ಡವು, ಚಿಕ್ಕವು ಎಂದು ವಿಂಗಡಿಸಲಾಗಿದೆ. ಯಾವ ಮೀನಿಗೆ ಯಾವ ಮೇವು ಹಾಕಿ ಸೆಳೆಯಬೇಕು, ಗಾಳದ ದಾರ ಹೇಗಿರಬೇಕು ಎಂಬ ವಿವರಗಳೂ ಇವೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಮೀನು ವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಬಗ್ಗೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಗಾಳದ ಮೀನುಗಾರಿಕೆಯ ಮೇಲೆ ಇಂಗ್ಲಿಷಿನಲ್ಲಿ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಅಂದರೆ ಸೋಮೇಶ್ವರನ ಗ್ರಂಥಕ್ಕಿಂತ ಮೂರೂವರೆ ಶತಮಾನ ತಡವಾಗಿ.

ನಮ್ಮ ಈ ಸೀಮೆ ಆಗ ತರ್ದವಾಡಿ ಸಾಸಿರವೆಂಬ ನಾಡಾಗಿ ಅದೇ ಅರಸರ ಆಳಿಕೆಯಲ್ಲಿತ್ತು. ಹೀಗಾಗಿ ‘ಮಾನಸೋಲ್ಲಾಸ’ ನಮಗೆ ಪರಕೀಯವಲ್ಲ. ಆದರೆ ಒಂದು ಪ್ರಶ್ನೆ ಏಳುತ್ತದೆ. ಅರಮನೆಯ ದೊರೆಗೆ ಇಷ್ಟೆಲ್ಲ ಮೀನುಗಳ ಸ್ವಭಾವ ತಿಳಿದದ್ದು ಹೇಗೆ? ಹೊಳೆಯ ಮೇಲೆ ಬದುಕು ಕಟ್ಟಿಕೊಂಡವರಿಂದಲೇ ಅದು ಬಂದಿರಬೇಕು. ಅಂಬಿಗ, ಕಬ್ಬಲಿಗ, ಕೋಳಿ, ಗಂಗಾಮತ ಎಂದು ಬೇರೆ ಬೇರೆ ಹೆಸರಿನಿಂದ ಕರೆಸಿಕೊಳ್ಳುವ ಜನರ ಪೂರ್ವಿಕರು ಅವರು. ಅದೇ ಶತಮಾನದಲ್ಲಿ ಬಾಗೇವಾಡಿಯ ಬಸವಣ್ಣನ ಸಮಕಾಲೀನನಾಗಿದ್ದ ಅಂಬಿಗರ ಚೌಡಯ್ಯ ವಚನಕಾರನಾಗಿ ಉಳಿದ. ಅವನ ಕುಲಬಾಂಧವರ ಹೊಳೆಯ ತಿಳಿವಳಿಕೆ ಮಾತ್ರ ಬಾಯಿಂದ ಬಾಯಿಗಷ್ಟೇ ಬಂತು.

ಆ ತಿಳಿವಳಿಕೆ ಸಣ್ಣದಲ್ಲ. ಮುಂಗಾರಿನ ಮೊದಲ ಕೆಂಪು ನೀರು ಬಂದಾಗ ಮೊಟ್ಟೆ ತುಂಬಿದ ಮೀನು ಹೊಳೆಯ ಎದುರು ಈಜಿ ಹಳ್ಳಗಳಿಗೆ ಏರುತ್ತದೆ. ಬಾಳೆಮೀನು ಆಳವಾದ ಮಡುವಿನಲ್ಲಿ ಅವಿತು ಸಣ್ಣ ಮೀನುಗಳನ್ನು ನುಂಗುತ್ತದೆ. ಕೊರವ ಮೀನು ನೀರಿನ ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತದೆ, ತನ್ನ ಮರಿಗಳನ್ನು ತಾನೇ ಕಾಯುತ್ತದೆ. ಇದನ್ನೆಲ್ಲ ಅರಿತವನಿಗೆ ಬೀಸುಬಲೆ ಎಲ್ಲಿ ಎಸೆಯಬೇಕು, ಗಾಳ ಯಾವಾಗ ಬಿಡಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಈಗ ಹೊಳೆಯೇ ಬದಲಾಗಿದೆ. ಮುದ್ದೇಬಿಹಾಳದ ಕೆಳಗೆ ನಾರಾಯಣಪುರದ ಬಸವಸಾಗರ 1982ರಲ್ಲಿ ಸಿದ್ಧವಾಯಿತು. ಹಿಂದೆ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಗೊಂಡಿತು. ಅದರಲ್ಲಿ ನಿಲ್ಲುವ ನೀರು 123 ಟಿಎಂಸಿ ಅಡಿ. ಈ ನೀರು ನಮ್ಮ ಹೊಲಗಳಿಗೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹರಿವ ನೀರಿನ ಮೀನಿಗೆ ನಿಂತ ನೀರು ಒಗ್ಗದು. ಮೊಟ್ಟೆ ಇಡಲು ಮೇಲೇರುವ ಮೀನಿಗೆ ಗೋಡೆ ಅಡ್ಡ ಬಂತು.

ಹಾಗಾದರೆ ಸಂತೆಯಲ್ಲಿ ಕಾಣುವ ಮೀನು ಎಲ್ಲಿಯದು? ಹೆಚ್ಚಿನವು ಕಾಟ್ಲಾ, ರೋಹು, ಮೃಗಾಲ್. ಇವು ಮೂಲತಃ ಉತ್ತರದ ಗಂಗಾ ಬಯಲಿನವು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಒಂದೇ ಕೆರೆಯಲ್ಲಿ ಸಾಕಬಹುದು. ತೊಡಕೆಂದರೆ ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದರು. ಮೀನುಮರಿ ಉತ್ಪಾದನಾ ಕೇಂದ್ರಗಳು ದೇಶದಾದ್ಯಂತ ಹುಟ್ಟಿದ್ದು ಅದರಿಂದಲೇ. ಅಲ್ಲಿಂದ ತಂದ ಬೆರಳುದ್ದದ ಮರಿಗಳನ್ನು ಜಲಾಶಯಗಳಿಗೂ ಕೆರೆಗಳಿಗೂ ಬಿಡಲಾಗುತ್ತದೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿಯಿಂದ ತುಂಬಿದ ಕೆರೆಗಳಲ್ಲಿ ಇದಕ್ಕೆ ಹೊಸ ಅವಕಾಶವಾಗಿದೆ. 1952ರಲ್ಲಿ ದೇಶಕ್ಕೆ ಬಂದ ಆಫ್ರಿಕದ ತಿಲಾಪಿಯಾವೋ ಯಾರ ಹಂಗೂ ಇಲ್ಲದೆ ತಾನೇ ಹೆಚ್ಚಿಕೊಳ್ಳುತ್ತದೆ. ನಾಡಮೀನುಗಳ ಮೇವಿಗೂ ಜಾಗಕ್ಕೂ ಪೈಪೋಟಿ ಕೊಡುತ್ತದೆ.

ಇದರಿಂದ ಅಗ್ಗದ ಪೌಷ್ಟಿಕ ಆಹಾರ ದೊರೆಯಿತು, ಕೆಲವರಿಗೆ ದುಡಿಮೆಯೂ ದೊರೆಯಿತು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಸಾಕಿದ ಮೀನನ್ನು ಹಿಡಿಯಲು ಹೊಳೆಯನ್ನು ಓದುವ ವಿದ್ಯೆ ಬೇಕಿಲ್ಲ. ಕೆರೆಯ ಗುತ್ತಿಗೆ ಹಿಡಿಯುವ ಹಣ ಬೇಕು. ಮಡುಗಳ ಗುರುತು ಬಲ್ಲ ಅಜ್ಜನಿಗೂ ನೈಲಾನ್ ಬಲೆ ಕೊಂಡು ತಂದ ಹುಡುಗನಿಗೂ ಈಗ ವ್ಯತ್ಯಾಸ ಕಡಿಮೆ. ಮೀನು ಅಪರೂಪವಾದಾಗ ಅದರ ಹೆಸರೂ ಬಾಯಿಂದ ಜಾರುತ್ತದೆ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಭೀಮೆಯ ದಂಡೆಯ, ಕೃಷ್ಣೆಯ ದಂಡೆಯ ಊರುಗಳಿಂದ ಬಂದವರು ನಿಮ್ಮಲ್ಲಿ ಹಲವರಿದ್ದೀರಿ. ರಜೆಗೆ ಹೋದಾಗ ಒಂದು ನೋಟುಬುಕ್ ಒಯ್ಯಿರಿ. ಹರಿಗೋಲು ಹಾಕಿದ ಹಿರಿಯರನ್ನು ಕೇಳಿ: ಎಷ್ಟು ಬಗೆಯ ಮೀನು ಕಂಡಿದ್ದೀರಿ, ಯಾವುದಕ್ಕೆ ಏನು ಹೆಸರು, ಯಾವ ಮಳೆಗೆ ಯಾವುದು ಬರುತ್ತಿತ್ತು, ಕಡೆಯ ಸಲ ಅದನ್ನು ಯಾವಾಗ ಹಿಡಿದಿರಿ? ಪ್ರಾಣಿಶಾಸ್ತ್ರ ಓದುವವರು ಆ ಹೆಸರಿನ ಮುಂದೆ ಶಾಸ್ತ್ರೀಯ ಹೆಸರನ್ನು ಸೇರಿಸಲಿ. ಮಹಿಳೆಯರನ್ನೂ ಮರೆಯದೆ ಕೇಳಿ. ಮೀನನ್ನು ಕೊಯ್ದು, ಒಣಗಿಸಿ, ಸಂತೆಗೆ ಒಯ್ದವರು ಅವರು. ಸೋಮೇಶ್ವರ 35 ಹೆಸರು ಬರೆದಿಟ್ಟ. ನಮ್ಮ ನಾಲ್ಕು ತಾಲ್ಲೂಕುಗಳ ಪಟ್ಟಿ ಎಷ್ಟು ಉದ್ದವಾಗುತ್ತದೆ ಎಂಬುದನ್ನು ನೀವು ಬರೆದು ತೋರಿಸಬೇಕು. ಕೇಳಬೇಕಾದವರು ಈಗ ಎಂಬತ್ತರ ಹತ್ತಿರ ಇದ್ದಾರೆ. ಆದ್ದರಿಂದ ಈ ಕೆಲಸ ಇದೇ ರಜೆಯಲ್ಲಿ ಆರಂಭವಾಗಲಿ.