ಸಂಗನಕಲ್ಲಿನ ಅಡುಗೆಮನೆ



ಇಲ್ಲಿ ಡೊಂಬಿವಲಿ, ಕಲ್ಯಾಣದ ಅಂಗಡಿಗಳಲ್ಲಿ ನಾವು ‘ಕುಳೀಥ್’ ಎಂದು ಕೇಳಿ ತರುವ ಹುರುಳಿಗೆ ವಯಸ್ಸೆಷ್ಟು ಗೊತ್ತೇ? ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಗಳ ಮೇಲೆ ಸುಮಾರು 4,000 ವರ್ಷಗಳ ಹಿಂದೆ ಜನ ಊರು ಕಟ್ಟಿಕೊಂಡಿದ್ದರು. ಕಲ್ಲಿನ ಕೊಡಲಿ, ದನ, ಕುರಿ, ಒಂದಿಷ್ಟು ಬೇಸಾಯ. ಅಲ್ಲಿ ಉತ್ಖನನ ನಡೆಸಿದ ಬಿ. ಸುಬ್ಬರಾವ್ ಅವರ ಗ್ರಂಥ 1948ರಲ್ಲಿ ಪ್ರಕಟವಾಯಿತು. ಮುಂದೆ ಧಾರವಾಡದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರ ತಂಡ ಅಲ್ಲಿನ ಮಣ್ಣನ್ನು ನೀರಿಗೆ ಹಾಕಿ ಕದಡಿತು. ಕರಕಲಾದ ಕಾಳು ಹಗುರ, ಮೇಲೆ ತೇಲುತ್ತದೆ. ಅಕ್ಕಿ ತೊಳೆಯುವಾಗ ಹೊಟ್ಟು ತೇಲುವುದಿಲ್ಲವೇ, ಹಾಗೆ. ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಸುಟ್ಟು ಕರಕಲಾದದ್ದರಿಂದಲೇ ಅವು ಉಳಿದವು. ಅಡುಗೆ ಸೀದರೆ ಗೊಣಗುವವರು ಇದನ್ನು ಕೇಳಬೇಕು!

ಅಲ್ಲಿನ ಬಂಡೆಗಳಲ್ಲಿ ಉಜ್ಜಿ ಉಜ್ಜಿ ನುಣುಪಾದ ಕುಳಿಗಳಿವೆ. ಕೆಲವು ಕೊಡಲಿ ಮಸೆದವು, ಕೆಲವು ಕಾಳು ಅರೆದವು. ರಾಜರ ಶಾಸನವಿಲ್ಲ, ಯಾರ ಹೆಸರೂ ಇಲ್ಲ. ಆದರೆ ಗಟ್ಟಿ ಕಲ್ಲು ಅಷ್ಟು ಸವೆಯಲು ಎಷ್ಟು ತೋಳು ಸೋತಿರಬೇಕು! ಅರೆದವರು ಹೆಂಗಸರೇ ಎಂದು ಕಲ್ಲು ಹೇಳುವುದಿಲ್ಲ; ನನಗಂತೂ ಅನುಮಾನವಿಲ್ಲ.

ಹತ್ತಿರದ ಕುಪ್ಪಗಲ್ಲಿನಲ್ಲಿ ದನಗಳ ಚಿತ್ರ ಮೂಡಿಸಿದ ಬಂಡೆಗಳಿವೆ. ಕೆಲವು ಕಲ್ಲು ತಟ್ಟಿದರೆ ಗಂಟೆಯಂತೆ ನಾದ ಕೊಡುತ್ತವೆ. ಈ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ಅಷ್ಟಷ್ಟಾಗಿ ತಿನ್ನುತ್ತ ಬಂದಿದೆ. ನಮ್ಮ ಫ್ಲ್ಯಾಟಿನ ಅಡುಗೆ ಕಟ್ಟೆಯ ಗ್ರಾನೈಟೂ ಯಾವುದೋ ಬೆಟ್ಟದ್ದೇ ಅಲ್ಲವೇ?

ರಜೆಯಲ್ಲಿ ಮಕ್ಕಳಿಗೆ ಹಂಪಿ ತೋರಿಸುತ್ತೀರಿ. ಬಳ್ಳಾರಿ ಅಲ್ಲಿಂದ ಸುಮಾರು 60 ಕಿಲೋಮೀಟರ್. ಅಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ ಬನ್ನಿ.