ವಾಂತಿಯ ಗುಳಿಗೆ: ಆರೈಕೆ ಮಾಡುವವರು ತಿಳಿಯತಕ್ಕ ಮಾತು

(ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಒಕ್ಕಲುತನದ ಡಿಪ್ಲೋಮಾ ಕಲಿತ ಹುಡುಗನಿಗೆ ಔಷಧದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಹತ್ತಿಗೆ ಹೊಡೆಯುವ ಎಣ್ಣೆಯ ಡಬ್ಬಿಯ ಮೇಲಿನ ಚೀಟಿ ಓದಿರಿ, ಅಳತೆ ಮೀರಬೇಡಿರಿ ಎಂದು ಹೊಲದ ಬದುವಿನ ಮೇಲೆ ನಿಂತು ಹೇಳುವವನು ನಾನು. ಮನೆಯ ಗೂಡಿನಲ್ಲಿಟ್ಟ ಗುಳಿಗೆಗೂ ಅದೇ ಮಾತು ಬೇಕಾಗಿದೆ. ಯಾವ ಔಷಧ, ಎಷ್ಟು ಎಂಬುದನ್ನು ಡಾಕ್ಟರರೇ ಹೇಳತಕ್ಕದ್ದು. ಚೀಟಿ ಬರೆಸಿಕೊಂಡು ಮನೆಗೆ ಬಂದ ಮೇಲೆ ನಾವು ಏನು ನೋಡಬೇಕು ಎಂಬುದಷ್ಟೇ ಇಂದಿನ ವಿಷಯ.

ಪ್ರೋಕ್ಲೋರ್‌ಪೆರಾಜಿನ್ ಎಂಬ ಔಷಧವಿದೆ. ಸ್ಟೆಮೆಟಿಲ್ ಎಂಬ ಹೆಸರಿನಿಂದ ಅದು ಬಹಳ ಜನರಿಗೆ ಪರಿಚಿತ. ಚಕ್ಕರ ಬಂದು ಜೋಲಿ ಹೋಗುವವರಿಗೆ, ವಾಂತಿ ನಿಲ್ಲದವರಿಗೆ ಇದರ 5 ಮಿಲಿಗ್ರಾಮಿನ ಗುಳಿಗೆ ಬರೆದುಕೊಡುವರು. ಇದೇ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಮಾನಸಿಕ ಬೇನೆಗೂ ಉಪಯೋಗವಾಗುವದು. ಮೆದುಳಿನಲ್ಲಿ ಡೋಪಮೈನ್ ಎಂಬ ರಸದ ಕೆಲಸವನ್ನು ಇದು ತಡೆಯುತ್ತದೆ. ವಾಂತಿಗೆ ಅಪ್ಪಣೆ ಕೊಡುವ ಜಾಗದಲ್ಲಿ ತಡೆದರೆ ವಾಂತಿ ನಿಲ್ಲುವದು. ಇನ್ನೊಂದು ಜಾಗದಲ್ಲಿ ತಡೆದರೆ ಭ್ರಮೆ, ಕಳವಳ ಇಳಿಯುವವು.

ಇದರ ಹಿರಿಯಣ್ಣ ಕ್ಲೋರ್‌ಪ್ರೊಮಜಿನ್. 1950ರ ಡಿಸೆಂಬರದಲ್ಲಿ ಫ್ರಾನ್ಸ ದೇಶದಲ್ಲಿ ಪಾಲ್ ಶಾರ್ಪಾಂತಿಯೇ ಎಂಬವರು ಅದನ್ನು ತಯಾರಿಸಿದರು. 1952ರಲ್ಲಿ ಪ್ಯಾರಿಸಿನ ವೈದ್ಯರಾದ ದಲೇ ಮತ್ತು ದನಿಕೇರ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟು ಗುಣ ಕಂಡರು. ನಮ್ಮ ಧಾರವಾಡದ ಮಾನಸಿಕ ದವಾಖಾನೆ 1845ರಲ್ಲಿ ಆರಂಭವಾದದ್ದು. ಎಂದರೆ ನೂರಕ್ಕೂ ಹೆಚ್ಚು ವರ್ಷ ಅದು ಇಂಥ ಔಷಧವಿಲ್ಲದೆಯೇ ರೋಗಿಗಳನ್ನು ನೋಡಿಕೊಂಡಿತು! ಬೆಳಗಾವಿ ರಸ್ತೆಯಲ್ಲಿರುವ ಈಗಿನ ಡಿಮ್ಹಾನ್ಸ್ ಅದೇ.

ಇಷ್ಟು ಉಪಕಾರಿಯಾದ ಗುಳಿಗೆಯಿಂದ ಕೆಲವರಿಗೆ ಒಂದು ವಿಚಿತ್ರ ತೊಂದರೆಯಾಗುವದು. ಹೋದ ಮುಂಗಾರಿಯಲ್ಲಿ ಒಂದು ಮನೆಯಲ್ಲಿ ನಾನೇ ಕಂಡೆ. ಕಾಲೇಜಿಗೆ ಹೋಗುವ ಹುಡುಗಿ. ವಾಂತಿಗೆಂದು ನೆರೆಮನೆಯವರ ಗುಳಿಗೆ ಎರಡು ದಿನ ತೆಗೆದುಕೊಂಡಿದ್ದಳು. ಮೂರನೆಯ ದಿನ ಕುತ್ತಿಗೆ ಒಂದು ಕಡೆ ತಿರುಚಿಕೊಂಡಿತು, ಕಣ್ಣುಗುಡ್ಡೆ ಮೇಲಕ್ಕೆ ಸರಿದವು, ನಾಲಿಗೆ ಹೊರಳದು. ಆದರೆ ಎಚ್ಚರವಿದೆ, ಹೆದರಿ ಅಳುತ್ತಿದ್ದಾಳೆ. ಗಾಳಿ ಸೋಕಿತೆಂದು ಮನೆಯವರು ನಿಂಬೆಹಣ್ಣು ಇಳಿಸಿ, ಮಂತ್ರಿಸುವವರನ್ನು ಕರೆಯಲು ಆಳು ಕಳಿಸಿದ್ದರು. ಆಶಾ ಅಕ್ಕನವರು ಬಂದವರೇ ಕೇಳಿದ ಮಾತು ಒಂದೇ: “ಏನು ಗುಳಿಗಿ ಕೊಟ್ಟೀರವ್ವಾ?” ಅಜ್ಜಿ ಗೂಡಿನಿಂದ ಗುಳಿಗೆಯ ಹಾಳೆ ತಂದು ತೋರಿಸಿದಳು. ದವಾಖಾನೆಯಲ್ಲಿ ಪ್ರೊಮೆಥಜಿನ್ ಸೂಜಿ ಹಾಕಿದರು. ಅರ್ಧ ತಾಸಿನಲ್ಲಿ ಕುತ್ತಿಗೆ ನೆಟ್ಟಗಾಯಿತು.

ಇದು ದೆವ್ವವಲ್ಲ, ಲಕ್ವವೂ ಅಲ್ಲ. ಸ್ನಾಯು ಬಿಗಿಯುವ ತೊಂದರೆ. ಮಕ್ಕಳಿಗೂ ಹರೆಯದವರಿಗೂ ಹೆಚ್ಚು, ಅದೂ ಔಷಧ ಸುರುವಾದ ಮೊದಲ ಕೆಲವು ದಿನಗಳಲ್ಲಿ. ಉಸಿರಿಗೆ ತಡೆಯಾದರೆ ಜೀವಕ್ಕೂ ಅಪಾಯ. ಆದ್ದರಿಂದ ಮುಂದಿನ ಗುಳಿಗೆ ಕೊಡದೆ, ಹಾಳೆ ಕೈಯಲ್ಲಿ ಹಿಡಿದು ಕೂಡಲೆ ದವಾಖಾನೆಗೆ ಹೋಗಬೇಕು. ಒಬ್ಬರ ಔಷಧ ಇನ್ನೊಬ್ಬರಿಗೆ ಕೊಡಲೇಕೂಡದು. 2 ವರ್ಷ ತುಂಬದ, ಇಲ್ಲವೆ 10 ಕಿಲೋ ತೂಗದ ಕೂಸಿಗೆ ಈ ಔಷಧ ವರ್ಜ್ಯ. ಕೂಸಿಗೆ ವಾಂತಿ-ಭೇದಿಯಾದರೆ ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತ ದವಾಖಾನೆಗೆ ಒಯ್ಯಿರಿ.

ಇನ್ನು ನನ್ನ ಇಲಾಖೆಯ ಮಾತು. ಎಣ್ಣೆ ಹೊಡೆದು ಬಂದವನಿಗೆ ವಾಂತಿ, ವಿಪರೀತ ಬೆವರು, ಜೊಲ್ಲು, ಕಣ್ಣು ಮಂಜು ಕಂಡರೆ ಅದು ವಿಷ ಏರಿದ ಗುರುತು. ಅಲ್ಲಿ ವಾಂತಿಯ ಗುಳಿಗೆ ಕೊಟ್ಟು ಮಲಗಿಸಬೇಡಿರಿ. ನಿಮ್ಮ ಕೈಗೆ ವಿಷ ತಗಲದಂತೆ ಜೋಕೆಯಿಂದ ಅವನ ಬಟ್ಟೆ ಬಿಚ್ಚಿಸಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, 108ಕ್ಕೆ ಫೋನು ಮಾಡಿ, ಎಣ್ಣೆಯ ಡಬ್ಬಿಯನ್ನೂ ಜೊತೆಗೆ ಕಳಿಸಿರಿ. ಹೊಟ್ಟೆ ಕಲ್ಲಿನಂತಾಗಿ ವಾಂತಿಯಾಗುತ್ತಿದ್ದರೂ ಹಾಗೆಯೇ. ಗುಳಿಗೆ ವಾಂತಿಯನ್ನಷ್ಟೇ ಮುಚ್ಚುವದು, ಒಳಗಿನ ಬೇನೆ ಬೆಳೆಯುವದು.

ಗುಳಿಗೆ ತೆಗೆದುಕೊಂಡವರಿಗೆ ಮಂಪರು ಬರುವದು. ಅಂದು ಟ್ರ್ಯಾಕ್ಟರ್ ಬೇಡ, ಸೆರೆಯಂತೂ ಬೇಡವೇ ಬೇಡ. ಸೂಜಿ ಹಾಕಿಸಿಕೊಂಡವರನ್ನು ಅರ್ಧ ತಾಸು ಮಲಗಿಸಿ, ಆಮೇಲೆ ಮೊದಲು ಕೂಡಿಸಿ, ನಂತರ ಹಿಡಿದು ಎಬ್ಬಿಸಿರಿ. ರಕ್ತದ ಒತ್ತಡ ಥಟ್ಟನೆ ಇಳಿದು ಬಿದ್ದಾರು. ವಯಸ್ಸಾದವರು ರಾತ್ರಿ ಬಚ್ಚಲಿಗೆ ಏಳುವಾಗ ಈ ಎಚ್ಚರ ಮುಖ್ಯವಾದುದು. ಬಾಣಂತಿ, ಗರ್ಭಿಣಿ, ಮೂರ್ಛೆ ಬೇನೆಯವರು ತಮ್ಮ ಸ್ಥಿತಿಯನ್ನು ಡಾಕ್ಟರರಿಗೆ ಮೊದಲೇ ಹೇಳತಕ್ಕದ್ದು. ಕ್ಲೋರ್‌ಪ್ರೊಮಜಿನ್ ಗುಳಿಗೆಯನ್ನು ಅರೆದು ಪುಡಿ ಮಾಡಬೇಡಿರಿ. ಅದು ತಗಲಿದರೆ ಆರೈಕೆ ಮಾಡುವವರ ಕೈಗೇ ತುರಿಕೆ ಏಳಬಹುದು.

ಮಾನಸಿಕ ಬೇನೆಗೆ ಇಂಥ ಔಷಧ ತೆಗೆದುಕೊಳ್ಳುವವರು ನಮ್ಮ ಹೊಲಗಳಲ್ಲಿಯೂ ದುಡಿಯುತ್ತಾರೆ. ಅವರಿಗೆ ಬೆವರು ಕಡಿಮೆಯಾಗಿ ಬಿಸಿಲು ಬೇಗ ತಟ್ಟುವದು. ಕಡಲೆ ಕೀಳುವಾಗ, ಜೋಳ ಕೊಯ್ಯುವಾಗ ಅವರಿಗೆ ನೆರಳು, ನೀರು, ತಲೆಗೆ ರುಮಾಲು ಇರಲಿ. ಜ್ವರ ಏರಿ, ಮೈ ಕಟ್ಟಿಗೆಯಂತೆ ಬಿಗಿದು, ಮಾತು ತಪ್ಪಿದರೆ ಅರೆಗಳಿಗೆ ತಡಮಾಡದೆ ದವಾಖಾನೆಗೆ ಒಯ್ಯಿರಿ. ತಿಂಗಳುಗಟ್ಟಲೆ ತೆಗೆದುಕೊಂಡವರ ಬಾಯಿ, ನಾಲಿಗೆ ತಾವಾಗಿಯೇ ಆಡತೊಡಗಿದರೂ ಡಾಕ್ಟರರಿಗೆ ತಿಳಿಸಬೇಕು. ಗುಣ ಕಂಡಿತೆಂದು ಗುಳಿಗೆಯನ್ನು ಮನೆಯವರೇ ನಿಲ್ಲಿಸಿದರೆ ಬೇನೆ ಮರಳುವದುಂಟು. ನಿಲ್ಲಿಸುವದು, ಇಳಿಸುವದು ಡಾಕ್ಟರರ ಕೆಲಸ.

ಮನಸ್ಸಿನ ಬೇನೆಯ ಬಗ್ಗೆ ಕೇಳಬೇಕಾದರೆ 14416ಕ್ಕೆ ಫೋನು ಮಾಡಿರಿ. 2022ರ ಅಕ್ಟೋಬರದಿಂದ ನಡೆದಿರುವ ಟೆಲಿ-ಮಾನಸ್ ಎಂಬ ಸರಕಾರಿ ಸೇವೆ ಇದು. ಹಗಲೂ ರಾತ್ರಿ ಇರುವದು, ದುಡ್ಡು ಬೀಳುವದಿಲ್ಲ, ಕನ್ನಡದಲ್ಲಿಯೇ ಮಾತಾಡುವರು.