ಸಂತ ಜಾನ್ ಬೋಸ್ಕೊರವರ ಮಾತೆ ಮಾರ್ಗರಿಟಾ



ಸಂತ ಜಾನ್ ಬೋಸ್ಕೊರವರ ಹೆಸರನ್ನು ಕೇಳದ ಕಥೋಲಿಕ ಮನೆ ನಮ್ಮಲ್ಲಿ ವಿರಳ. ಅವರ ತಾಯಿಯ ಹೆಸರನ್ನು ಬಲ್ಲವರಾದರೋ ಕೆಲವೇ ಮಂದಿ. ಮಾರ್ಗರಿಟಾ ಒಕ್ಕಿಯೇನಾ ಇಟಲಿಯ ಪಿಯೆಡ್‌ಮಾಂಟ್ ಪ್ರಾಂತದ ಕಾಪ್ರಿಲಿಯೊ ಗ್ರಾಮದಲ್ಲಿ 1788ರ ಏಪ್ರಿಲ್ 1ರಂದು ಜನಿಸಿದಳು. (1934ರಲ್ಲಿ ಆಕೆಯ ಮಗನನ್ನು ಸಂತರೆಂದು ಘೋಷಿಸಿದ್ದೂ ಏಪ್ರಿಲ್ 1ರಂದೇ, ಅಂದು ಪಾಸ್ಖ ಹಬ್ಬ.) ಓದುಬರಹ ಅರಿಯದ ಆ ರೈತ ಮಹಿಳೆ ಕೈಗೊಂಡ ಕೆಲವು ಕಠಿಣ ನಿರ್ಧಾರಗಳನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

1812ರಲ್ಲಿ ಆಕೆ ಫ್ರಾನ್ಸೆಸ್ಕೊ ಬೋಸ್ಕೊ ಎಂಬ ವಿಧುರನ ಕೈಹಿಡಿದಳು. ಮನೆಯಲ್ಲಿ ವೃದ್ಧೆಯಾದ ಅತ್ತೆ, ಮೊದಲ ಹೆಂಡತಿಯ ಮಗ ಆಂಟೋನಿಯೊ. ಮುಂದೆ ಜೋಸೆಫ್, ಜಾನ್ ಹುಟ್ಟಿದರು. 1817ರ ಮೇ ತಿಂಗಳಲ್ಲಿ ಫ್ರಾನ್ಸೆಸ್ಕೊ ಬೆವರಿದ ಮೈಯಲ್ಲೇ ತಣ್ಣನೆಯ ನೆಲಮಾಳಿಗೆಗೆ ಇಳಿದವನು ಜ್ವರಕ್ಕೆ ತುತ್ತಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಮಾರ್ಗರಿಟಾಳಿಗೆ ಆಗ 29 ವರ್ಷ. ಜಾನ್‌ಗೆ ಎರಡೂ ತುಂಬಿರಲಿಲ್ಲ. ಅದರ ಬೆನ್ನಿಗೇ ಕ್ಷಾಮ. ದವಸ ತರಲು ಹೋದವನು ಬರಿಗೈಯಲ್ಲಿ ಮರಳಿದಾಗ ಆಕೆ ಮೊಣಕಾಲೂರಿ ಪ್ರಾರ್ಥಿಸಿ, ಕೊಟ್ಟಿಗೆಯಲ್ಲಿದ್ದ ಕರುವನ್ನು ಕಡಿಸಿ ಮಕ್ಕಳ ಹಸಿವು ನೀಗಿಸಿದಳು.

ಅನುಕೂಲಸ್ಥರ ಮನೆಯಿಂದ ಮರುಮದುವೆಯ ಪ್ರಸ್ತಾಪ ಬಂದಿತು. ಮಕ್ಕಳನ್ನು ಪೋಷಕನೊಬ್ಬನಿಗೆ ಒಪ್ಪಿಸಬೇಕಿತ್ತು. ಪೋಷಕನು ಸ್ನೇಹಿತನಾದಾನು, ತಾಯಿಯಾಗಲಾರ ಎಂದು ಆಕೆ ನಿರಾಕರಿಸಿದಳು.

ಇದಕ್ಕಿಂತಲೂ ಕಷ್ಟದ ಪರೀಕ್ಷೆ ಮನೆಯೊಳಗೇ ಇತ್ತು. ಜಾನ್‌ಗೆ ಓದುವ ಹಂಬಲ; ಆಂಟೋನಿಯೊವಿಗೆ ಪುಸ್ತಕ ಕಂಡರೆ ಸಿಟ್ಟು. ಚರಿತ್ರೆ ಬರೆಯುವವರು ಆಂಟೋನಿಯೊವನ್ನು ಖಳನಂತೆ ಚಿತ್ರಿಸುವುದುಂಟು. ಅದು ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಮೊದಲು ತಾಯಿಯನ್ನು, ಒಂಬತ್ತರ ಪ್ರಾಯದೊಳಗೆ ತಂದೆಯನ್ನೂ ಕಳೆದುಕೊಂಡು, ಎಳೆ ಹರೆಯದಲ್ಲೇ ಗುದ್ದಲಿ ಹಿಡಿದವನಿಗೆ ತಮ್ಮನ ಲ್ಯಾಟಿನ್ ಪಾಠ ಸೋಮಾರಿತನವಾಗಿ ಕಂಡಿದ್ದರೆ ಅಚ್ಚರಿಯೇನು? ಮಾರ್ಗರಿಟಾ ಅವನನ್ನು ಮಲಮಗನೆಂದು ದೂರಮಾಡಲಿಲ್ಲ. ಜಗಳ ಮಿತಿಮೀರಿದಾಗ ಮನೆಬಿಟ್ಟು ಹೊರಟವನು ಹೊಟ್ಟೆಯಲ್ಲಿ ಹುಟ್ಟಿದ ಜಾನ್. ಹನ್ನೆರಡರ ಆ ಬಾಲಕನನ್ನು ಚಳಿಗಾಲದಲ್ಲಿ, ಬಟ್ಟೆಯ ಗಂಟಿನೊಡನೆ, ಆಕೆಯೇ ಕೆಲಸ ಹುಡುಕಿಕೊಳ್ಳಲು ಕಳುಹಿಸಿದಳು. ಮೊಲಿಯಾ ಎಂಬವರ ಹೊಲಮನೆಯಲ್ಲಿ ಅವನು ಸುಮಾರು ಎರಡು ವರ್ಷ ದುಡಿದ. ಆ ರಾತ್ರಿಗಳನ್ನು ತಾಯಿ ಹೇಗೆ ಕಳೆದಳೋ, ದೇವರೇ ಬಲ್ಲ.

1841ರ ಜೂನ್ 5ರಂದು ಜಾನ್ ಗುರುದೀಕ್ಷೆ ಪಡೆದರು. ನೀನು ಸಿರಿವಂತನಾದರೆ ನಿನ್ನ ಹೊಸ್ತಿಲನ್ನು ತುಳಿಯೆನೆಂದು ಆಕೆ ಮೊದಲೇ ಎಚ್ಚರಿಸಿದ್ದಳು. ಅವರು ಬಡವರಾಗಿಯೇ ಉಳಿದದ್ದರಿಂದ ಹೊಸ್ತಿಲು ತುಳಿಯಬೇಕಾಗಿ ಬಂದಿತು! ಟ್ಯೂರಿನ್ ನಗರದ ಬೀದಿಮಕ್ಕಳಿಗಾಗಿ ದುಡಿದು ಕಾಯಿಲೆ ಬಿದ್ದಿದ್ದ ಮಗ ಆಸರೆ ಬೇಡಿದಾಗ, 58ರ ಆ ಅಜ್ಜಿ ಬೆಕ್ಕಿ ಗ್ರಾಮದ ಮನೆಯನ್ನೂ ಮೊಮ್ಮಕ್ಕಳನ್ನೂ ಬಿಟ್ಟು ಹೊರಟಳು. 1846ರ ನವೆಂಬರ್ 3ರಂದು ತಾಯಿ ಮಗ ಕಾಲ್ನಡಿಗೆಯಲ್ಲೇ ಟ್ಯೂರಿನ್ನಿನ ವಾಲ್ಡೊಕ್ಕೊ ಬಡಾವಣೆಯನ್ನು ಸೇರಿದರು. ಜತನದಿಂದ ಕಾದಿರಿಸಿದ್ದ ಮದುವೆಯ ಉಡುಗೆಗಳು ಪೂಜಾವಸ್ತ್ರಗಳಾದವು. ಚಿನ್ನದ ಸರ ಮಾರಿ ಅವಕ್ಕೆ ಅಂಚು ಕಟ್ಟಿಸಲಾಯಿತು.

1847ರ ಮೇ ತಿಂಗಳ ಮಳೆಯ ಸಂಜೆ ನೆನೆದು ಬಂದ ಅನಾಥ ಹುಡುಗನೊಬ್ಬನಿಗೆ ಆಕೆ ಉಣಬಡಿಸಿ, ಅಡುಗೆಮನೆಯಲ್ಲೇ ಹಾಸಿಗೆ ಹಾಸಿ, ಮಲಗುವ ಮುನ್ನ ನಾಲ್ಕು ಹಿತವಚನ ಹೇಳಿದಳು. ಸಲೇಷಿಯನ್ ಮನೆಗಳಲ್ಲಿ ಇಂದಿಗೂ ನಡೆಯುವ ‘ಶುಭರಾತ್ರಿ’ಯ ಮಾತಿಗೆ ಮೂಲ ಇದೇ ಎನ್ನುತ್ತಾರೆ. ಅದಕ್ಕೂ ಮುಂಚೆ ಆಶ್ರಯ ಪಡೆದವರು ಹೊದಿಕೆಗಳನ್ನೇ ಹೊತ್ತೊಯ್ದಿದ್ದರು ಎಂಬುದನ್ನೂ ಮರೆಯಬಾರದು.

ಆಕೆಗೂ ಸಹನೆ ತಪ್ಪಿದ ದಿನವಿತ್ತು. ಹುಡುಗರು ಕಾಯಿಪಲ್ಲೆಯ ತೋಟ ತುಳಿದು, ಒಣಹಾಕಿದ ಬಟ್ಟೆ ಕೊಳೆ ಮಾಡಿದಾಗ, ಊರಿಗೆ ಹೋಗುತ್ತೇನೆಂದಳು. ಡಾನ್ ಬೋಸ್ಕೊ ಮರುನುಡಿಯದೆ ಗೋಡೆಯ ಶಿಲುಬೆಯತ್ತ ಬೆರಳು ತೋರಿದರು. ಆಕೆ ಮತ್ತೆ ಕೆಲಸಕ್ಕೆ ತೊಡಗಿದಳು.

ಹತ್ತು ವರ್ಷ ಹಾಗೆಯೇ ದುಡಿದು, 1856ರ ನವೆಂಬರ್ 25ರ ನಸುಕಿನಲ್ಲಿ ಆಕೆ ಪ್ರಭುವಿನಲ್ಲಿ ನಿದ್ರಿಸಿದಳು. 2006ರಲ್ಲಿ ಧರ್ಮಸಭೆ ಆಕೆಗೆ ‘ಪೂಜ್ಯ’ ಎಂಬ ಪದವಿಯನ್ನಿತ್ತಿತು. ಆದರೆ ಹೂವಿಡಲು ಪ್ರತ್ಯೇಕ ಸಮಾಧಿಯಿಲ್ಲ. ಬಡವರ ಸಾಮೂಹಿಕ ಗುಂಡಿಯೇ ಆಕೆಗೆ ದಕ್ಕಿದ ನೆಲ. ಅಂದು ಬೆಳಗಾಗುವ ಮುನ್ನ ಡಾನ್ ಬೋಸ್ಕೊ ಟ್ಯೂರಿನ್ನಿನ ಸಾಂತ್ವನ ಮಾತೆಯ ದೇವಾಲಯಕ್ಕೆ ನಡೆದು ತಾಯಿಗಾಗಿ ಬಲಿಪೂಜೆ ಅರ್ಪಿಸಿದರು; ತಾಯಿಯಿಲ್ಲದ ತಮ್ಮ ಮಕ್ಕಳಿಗೆ ಇನ್ನು ನೀನೇ ತಾಯಿಯಾಗಬೇಕೆಂದು ಮರಿಯಮ್ಮನವರನ್ನು ಬೇಡಿಕೊಂಡರು.